ನಿಂಬೆಹಣ್ಣು ಹತ್ತಿದ ನನ್ನ ಸ್ಕೂಟರ್

ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಬಲ್ಲ ಹೆಂಗಸಿಗೆ ಪ್ರಪಂಚದ ಯಾವ ಯಂತ್ರವೂ ಕಷ್ಟವಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಅದರಲ್ಲಿ ಸ್ಕೂಟರ್ ಯಾವ ಲೆಕ್ಕ? ಒಂದಷ್ಟು ಸ್ಕ್ರೂ, ಒಂದಷ್ಟು ಸ್ಪ್ರಿಂಗು, ಸ್ವಲ್ಪ ಎಣ್ಣೆ. ಇಷ್ಟೇ ತಾನೆ!

ಇಷ್ಟೇ ಅಲ್ಲ ಎಂದು ತಿಳಿದದ್ದು ಆಮೇಲೆ.

ನನ್ನದು ಗೇರಿಲ್ಲದ ಹಳೆಯ ಸ್ಕೂಟರ್. ಮಗಳು ಹುಟ್ಟುವ ಮುಂಚೆ ಕೊಂಡದ್ದು. ಈಗ ಅವಳ ಮಗಳು ಸ್ಕೂಲಿಗೆ ಹೋಗುತ್ತಿದ್ದಾಳೆ. ಬನಶಂಕರಿ ಎರಡನೇ ಸ್ಟೇಜಿನ ನಮ್ಮ ಮನೆಯಲ್ಲಿ ನಾನು ಹೊಲಿಯುವ ರವಿಕೆಗಳು ಜಯನಗರ, ಜೆ.ಪಿ. ನಗರದ ಗಿರಾಕಿಗಳ ಮನೆ ಸೇರುವುದು ಅದರ ಮೇಲೆಯೇ. ಈ ಸಲ ದಸರಾ ಹತ್ತಿರ ಬಂದಾಗ, ಹೊಲಿಗೆ ಮೈಮೇಲೆ ಬಿದ್ದಿರುವ ಹೊತ್ತಿನಲ್ಲೇ, ಅದು ಕೆಮ್ಮಿತು, ಮುಗ್ಗರಿಸಿತು, ನಿಂತೇ ಹೋಯಿತು. ಸಾಲದ್ದಕ್ಕೆ ಪೋರ್ಟಿಕೋದಲ್ಲಿ ತೊಟತೊಟ ಪೆಟ್ರೋಲ್ ಸೋರತೊಡಗಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಹಬ್ಬದ ಸರ್ವೀಸ್‌ಗೆ ಗಾಡಿಗಳು ರೋಡ್‌ವರೆಗೂ ನಿಂತಿವೆ ಮೇಡಂ, ಹಬ್ಬ ಕಳೀಲಿ" ಎಂದುಬಿಟ್ಟ.

"ಗುಜರಿಗೆ ಹಾಕ್ಬಿಡೋಣ ಕಣೇ ಸುಮಿತ್ರಾ," ಎಂದರು ನಮ್ಮವರು. "ಇನ್ಮೇಲೆ ಎಲ್ಲಿಗೆ ಬೇಕಾದ್ರೂ ನಾನೇ ಕರ್ಕೊಂಡ್ ಹೋಗ್ತೀನಿ. ಹಿಂದೆ ಹಾಯಾಗಿ ಕೂತ್ಕೋ."

ನಮ್ಮವರು ತುಂಬ ಒಳ್ಳೆಯವರು. ಆದರೆ ಅವರು ಗಾಡಿ ಓಡಿಸುವಾಗ ತಳ್ಳುಗಾಡಿಯ ಸೊಪ್ಪಿನವನು ನಮ್ಮನ್ನು ಓವರ್‌ಟೇಕ್ ಮಾಡುತ್ತಾನೆ! ಮೇಲಾಗಿ ಗಿರಾಕಿಯ ಮನೆಯಲ್ಲಿ ನಾನು ತೋಳಿನ ಅಳತೆ ಹಿಡಿದಿದ್ದರೆ ಹೊರಗೆ ನಿಂತು ಹಾರನ್ ಹೊಡೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮನಸ್ಸು ಬಂದಾಗ ಕೀ ತೆಗೆದುಕೊಂಡು ಯಾರನ್ನೂ ಕೇಳದೆ ಹೊರಟುಬಿಡುವ ಆ ಸುಖ! ಅದು ಹೋಗಿಬಿಡುತ್ತದಲ್ಲಾ ಎಂದು ನೆನೆದು ನನಗೆ ನಿಜಕ್ಕೂ ಅಳು ಬಂತು.

"ಗುಜರಿಗೂ ಬೇಡ, ಯಾರಿಗೂ ಬೇಡ. ನಾನೇ ರಿಪೇರಿ ಮಾಡ್ತೀನಿ!"

"ನೀನಾ?"

"ಯಾಕೆ, ಮನೇಲಿರೋ ಹೊಲಿಗೆ ಮಷೀನ್ ಯಾರು ರಿಪೇರಿ ಮಾಡೋದು? ನಿಮ್ಮ ತಾತನಾ?"

ಅವರು ಸ್ವಲ್ಪ ಯೋಚಿಸಿ ಷರತ್ತು ಹಾಕಿದರು. "ಆಯುಧ ಪೂಜೆ ದಿನ ಅದು ಯಾರೂ ತಳ್ಳದೆ ತಾನಾಗೇ ನಿಂಬೆಹಣ್ಣು ಹತ್ತಿ ಹೋದ್ರೆ ನಿನ್ನದೇ. ಇಲ್ಲಾಂದ್ರೆ ಮಾರನೇ ದಿನ ಗುಜರಿಯವನು ಬರ್ತಾನೆ. ಆಗಬಹುದಾ?"

"ಆಗಬಹುದು!" ಎಂದೆ. ಹಬ್ಬಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಗಾಡಿಗಳ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋಗಿ ಹೊಸ ಪೆಟ್ರೋಲ್ ಪೈಪು, ಫಿಲ್ಟರು, ಕಾರ್ಬುರೇಟರಿನ ವಾಷರ್‌ಗಳು ಮತ್ತು ಪೆಟ್ರೋಲ್ ಕಾಕ್ ತಂದೆ. ಕಾಕ್ ಎಂದರೆ ಟ್ಯಾಂಕಿನ ಕೆಳಗಿರುವ ಪುಟ್ಟ ತಿರುಗಣೆ. ನೆಟ್ಟಗೆ ನಿಲ್ಲಿಸಿದರೆ ಪೆಟ್ರೋಲ್ ಇಳಿಯುತ್ತದೆ, ಅಡ್ಡ ಮಾಡಿದರೆ ಬಂದ್. ಅಂಗಡಿಯವರು, "ಮೆಕ್ಯಾನಿಕ್ ಯಾರು ಮೇಡಂ?" ಎಂದು ಕೇಳಿದರು. ನಾನು ಸೆರಗು ಸರಿಪಡಿಸಿಕೊಂಡು, "ನಾನೇ" ಎಂದೆ. ಅವರು ಪೈಪನ್ನು ಒಂದು ಗೇಣು ಹೆಚ್ಚಾಗಿಯೇ ಕತ್ತರಿಸಿ ಕೊಟ್ಟರು. ಗೌರವಕ್ಕೆ ಎಂದುಕೊಂಡೆ.

ಹೀಗೆ ನನ್ನ ಸ್ಕೂಟರಿನ ಶಸ್ತ್ರಚಿಕಿತ್ಸೆಯು ನಮ್ಮ ಪೋರ್ಟಿಕೋದಲ್ಲಿ ಸಕಲ ಮರ್ಯಾದೆಗಳೊಂದಿಗೆ ಆರಂಭಗೊಂಡಿತು. ಮೊಬೈಲಿನಲ್ಲಿ ನೋಡಿದ ವಿಡಿಯೋದ ಹುಡುಗ ಮೊದಲು ಹಳೆಯ ಪೈಪನ್ನು ಎಳೆದಿದ್ದ. ನಾನೂ ಎಳೆದೆ. ಅವನು ಟ್ಯಾಂಕ್ ಖಾಲಿ ಮಾಡಿಕೊಂಡಿದ್ದ. ನಾನು ಮಾಡಿಕೊಂಡಿರಲಿಲ್ಲ!

"ರೀ! ಪಾತ್ರೆ! ಬೇಗ ಒಂದು ಪಾತ್ರೆ ತನ್ನಿ!"

ಒಳಗಿನಿಂದ ಸಾವಧಾನವಾದ ಧ್ವನಿ ಬಂತು. "ಯಾವುದು? ಸ್ಟೀಲಾ, ಹಿಂಡಾಲಿಯಮ್ಮಾ?"

"ಯಾವುದಾದ್ರೂ ತನ್ನಿ ಮಾರಾಯ್ರೇ!"

ಹಬ್ಬದ ಪಾಯಸಕ್ಕೆಂದು ತೊಳೆದು ಒರೆಸಿಟ್ಟಿದ್ದ ಪಾತ್ರೆಯನ್ನೇ ತಂದರು. ಅಷ್ಟರಲ್ಲಿ ಗೇಟಿನ ಮುಂದಿನ ರಂಗೋಲಿ ಪೆಟ್ರೋಲಿನಲ್ಲಿ ತೇಲಿಹೋಗಿತ್ತು. ನಮ್ಮವರು ಹೋಗಿ ದೇವರ ದೀಪ ಆರಿಸಿ, ಗ್ಯಾಸ್ ಬಂದ್ ಮಾಡಿ, ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಆ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಅವಲಕ್ಕಿ ಮೊಸರು.

ಟ್ಯಾಂಕ್ ಕಳಚಿ ಒಳಗೆ ಇಣುಕಿದರೆ ಕೆಂಪಗೆ ತುಕ್ಕು. ಪೆಟ್ರೋಲಿನ ದಾರಿ ಕಟ್ಟಿಕೊಂಡದ್ದು ಇದರಿಂದಲೇ! ತುಕ್ಕಿಗೆ ಏನೋ ಕೆಮಿಕಲ್ ಹಾಕಬೇಕೆಂದು ವಿಡಿಯೋದ ಹುಡುಗ ಹೇಳಿದ್ದ. ಪಾಪ, ಅವನಿಗೆ ಹುಣಸೆಹಣ್ಣಿನ ಮಹಿಮೆ ಗೊತ್ತಿಲ್ಲ. ನಾಲ್ಕು ತಲೆಮಾರಿನ ಹಿತ್ತಾಳೆ ದೀಪಗಳನ್ನು ಫಳಫಳ ಹೊಳೆಸಿದ ಪದಾರ್ಥಕ್ಕೆ ಒಂದು ಟ್ಯಾಂಕ್ ಹೆಚ್ಚೇ? ಮುಷ್ಟಿ ತುಂಬ ಹುಣಸೆಹಣ್ಣು ನೆನೆಸಿ, ಬಿಸಿನೀರಿನೊಂದಿಗೆ ಸುರಿದು, ಕುಲುಕಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತೊಳೆದು ಟೆರೇಸಿನ ಮೇಲೆ ಬೋರಲು ಹಾಕಿದೆ. ಎದುರು ಮನೆಯ ಶೇಷಗಿರಿಯವರು, ರಿಟೈರ್ ಆದವರು, ತಮ್ಮ ಟೆರೇಸಿನಿಂದ ಕೈಬೀಸಿದರು.

"ಏನಮ್ಮಾ ಅದು, ಹುಳಿ ವಾಸನೆ ಬರ್ತಾ ಇದೆ?"

"ಪೆಟ್ರೋಲ್ ಟ್ಯಾಂಕ್ ಸಾರ್. ಹುಣಸೆಹಣ್ಣು ಹಾಕಿದ್ದೆ."

"ಓಹೋ! ಮತ್ತೆ ಒಗ್ಗರಣೆ?"

ನಗಲಿ ಬಿಡಿ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು!

ಈ ಗೆಲುವು ನನ್ನ ತಲೆಗೇರಿತು. ಕಾರ್ಬುರೇಟರ್ ಬಿಚ್ಚುವಾಗ ಸ್ಕ್ರೂಗಳು ಕಲಸಿಹೋಗದಂತೆ ಒಂದು ಉಪಾಯ ಮಾಡಿದೆ. ಇಡ್ಲಿ ತಟ್ಟೆ ತಂದು, ಬಿಚ್ಚಿದ ಕ್ರಮದಲ್ಲೇ ಒಂದೊಂದು ಕುಳಿಯಲ್ಲಿ ಒಂದೊಂದು ಭಾಗ ಇಟ್ಟೆ. ಎಂಥ ಬುದ್ಧಿ ನನ್ನದು ಎಂದು ನಾನೇ ಮೆಚ್ಚಿಕೊಂಡೆ. ಕೊನೆಯ ಮುಚ್ಚಳ ತೆಗೆದಾಗ ಒಂದು ಸ್ಪ್ರಿಂಗ್ ಚಂಗನೆ ಹಾರಿ ತುಳಸಿ ಕಟ್ಟೆಯ ಆಚೆ ಎಲ್ಲೋ ಬಿತ್ತು. ಫ್ರಿಜ್ಜಿಗೆ ಅಂಟಿಸಿದ್ದ ತಿಮ್ಮಪ್ಪನ ಮ್ಯಾಗ್ನೆಟ್ ಕಿತ್ತು ತಂದು, ಮಂಡಿಯೂರಿ ಮಣ್ಣೆಲ್ಲ ಸವರಿದೆ. ತಿಮ್ಮಪ್ಪ ಕೈಬಿಡಲಿಲ್ಲ, ಅವನ ಪಾದಕ್ಕೇ ಸ್ಪ್ರಿಂಗ್ ಅಂಟಿಕೊಂಡು ಬಂತು. ಕೆನ್ನೆ ಕೆನ್ನೆ ಬಡಿದುಕೊಂಡು ವಾಪಸ್ ಬಂದರೆ ಇಡ್ಲಿ ತಟ್ಟೆ ಮಾಯ!

"ರೀ, ಇಲ್ಲಿದ್ದ ಇಡ್ಲಿ ತಟ್ಟೆ?"

"ಜಿಡ್ಡಾಗಿತ್ತು ಕಣೇ, ತೊಳೆದಿಟ್ಟೆ," ಎಂದರು ನಮ್ಮವರು ಹೆಮ್ಮೆಯಿಂದ. "ಅದರಲ್ಲಿ ಏನೇನೋ ಇತ್ತಲ್ಲ, ಎಲ್ಲಾನೂ ಒಂದೇ ಡಬ್ಬಿಗೆ ಹಾಕಿದೀನಿ. ಒಂದೂ ಕಳೆದಿಲ್ಲ!"

ಮೂವತ್ತು ವರ್ಷದ ದಾಂಪತ್ಯದಲ್ಲಿ ನಾನು ಹೇಳದೆ ಅವರು ಪಾತ್ರೆ ತೊಳೆದದ್ದು ಅದೇ ಮೊದಲು. ಬೈಯುವುದೋ ಮುದ್ದಿಸುವುದೋ ತಿಳಿಯದೆ ಡಬ್ಬಿ ತೆಗೆದುಕೊಂಡು ಕೂತೆ. ವಿಡಿಯೋ ನಿಲ್ಲಿಸಿ, ಓಡಿಸಿ, ಮತ್ತೆ ನಿಲ್ಲಿಸಿ, ಹಬ್ಬದ ಹಿಂದಿನ ಸಂಜೆಯ ಹೊತ್ತಿಗೆ ಎಲ್ಲವನ್ನೂ ಕೂರಿಸಿದೆ. ಪೆಟ್ರೋಲ್ ಹಾಕಿದರೆ ಎರಡು ಪೈಪು ಅದಲುಬದಲಾಗಿ ನನ್ನ ಕಾಲ ಮೇಲೇ ಸುರಿಯಿತು. ಮತ್ತೆ ಬಿಚ್ಚಿದೆ. ಮತ್ತೆ ಹಾಕಿದೆ. ಸೋರಲಿಲ್ಲ! ಆದರೆ ಕಿಕ್ ಹೊಡೆಯಲು ಕಾಲಿನಲ್ಲಿ ಜೀವವಿರಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಇಷ್ಟದೈವಗಳನ್ನೆಲ್ಲ ನೆನೆದು ಕಿಕ್ ಹೊಡೆದೆ. ಸುಮ್ಮನಿತ್ತು. ಇನ್ನೊಂದು. ಸುಮ್ಮನೆ. ನಮ್ಮವರು ಗುಜರಿಯವನ ಫೋನ್ ನಂಬರ್ ಹುಡುಕಲು ಕನ್ನಡಕ ಹಾಕಿಕೊಂಡರು. ಹೊಟ್ಟೆಯಲ್ಲಿ ಬಂದ ಸಿಟ್ಟನ್ನೆಲ್ಲ ಕಾಲಿಗೆ ತಂದು ಮತ್ತೊಂದು ಕೊಟ್ಟೆ ನೋಡಿ. ಡುರ್ರ್ರ್! ಬಿಳಿ ಹೊಗೆ ರಸ್ತೆಯನ್ನೇ ಮುಚ್ಚಿತು. ಅಕ್ಕಪಕ್ಕದವರು ಹೊರಗೆ ಓಡಿಬಂದರು.

"ಹೊತ್ಕೊಂಡಿತೋ ಏನೋ!" ಎಂದು ಶೇಷಗಿರಿಯವರು ಕೂಗಿದರು.

"ಸ್ಟಾರ್ಟ್ ಆಯ್ತು ಸಾರ್!" ನನ್ನ ಕಣ್ಣಲ್ಲಿ ನೀರು. ಅರ್ಧ ಸಂತೋಷಕ್ಕೆ, ಅರ್ಧ ಹೊಗೆಗೆ.

ಪೂಜೆ ಭರ್ಜರಿಯಾಗಿ ನಡೆಯಿತು. ಹೊಲಿಗೆ ಯಂತ್ರಕ್ಕೆ ಮೊಳ ಹೂವಾದರೆ ಸ್ಕೂಟರಿಗೆ ಮಾರುದ್ದ ಸೇವಂತಿಗೆ ಹಾರ! ಮಂಗಳಾರತಿಗೆ ಕರ್ಪೂರ ಹಚ್ಚುವ ಮುನ್ನ ನಮ್ಮವರು ಬೆದರಿ ಹಿಂದೆ ಸರಿದರು.

"ಮೊದ್ಲು ಆ ಪೆಟ್ರೋಲ್ ನಿಲ್ಸೇ! ಹಬ್ಬದ ದಿನ ಹೊತ್ಕೊಂಡ್ ಉರಿದ್ರೆ ಏನ್ ಗತಿ?"

ಮಾತು ಸರಿಯಾಗಿಯೇ ಇತ್ತು. ನಾನು ಎಂಜಿನ್ ಆಫ್ ಮಾಡಿ, ಬಗ್ಗಿ, ಕಾಕನ್ನು ಅಡ್ಡ ತಿರುಗಿಸಿದೆ. ಅವರು ದೂರದಿಂದಲೇ ಕೈ ಚಾಚಿ ಆರತಿ ಎತ್ತಿ, ಕರ್ಪೂರ ಆರಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕಿಕ್ ಹೊಡೆದೆ. ಒಂದೇ ಏಟಿಗೆ ಚಾಲೂ! ಆಕ್ಸಿಲರೇಟರ್ ತಿರುವಿದೆ. ಪಚಕ್! ಪಚಕ್! ಎರಡೂ ನಿಂಬೆಹಣ್ಣು ಅಪ್ಪಚ್ಚಿ. ರಸ್ತೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನು ನಿಲ್ಲಲಿಲ್ಲ. ಹಾರ ಹಾರಾಡಿಸುತ್ತ, ಮೇನ್ ರೋಡಿನವರೆಗೆ ವಿಜಯಯಾತ್ರೆ ಹೊರಟೇಬಿಟ್ಟೆ.

ಮೇನ್ ರೋಡಿನಲ್ಲಿ ಸ್ಕೂಟರ್ ನಿಂತಿತು. ಅದೂ ಎಲ್ಲಿ? ಪೆಟ್ರೋಲ್ ಬಂಕಿನ ಎದುರಿಗೇ! ಬಂಕಿನವನು, "ಬನ್ನಿ ಮೇಡಂ, ಹಾಕ್ತೀನಿ," ಎಂದು ಕೈಬೀಸಿ ಕರೆದ. "ಭರ್ತಿ ಇದೆ ಕಣಪ್ಪಾ!" ಎಂದು ಸಿಡುಕಿದೆ. ಕಿಕ್ ಹೊಡೆದು ಹೊಡೆದು ಸೀರೆಯ ನೆರಿಗೆ ಬಿಚ್ಚಿಕೊಳ್ಳುವ ಹಾಗಾಯಿತು. ಕೊನೆಗೆ ಮಾನ ಬಿಟ್ಟು ನಮ್ಮವರಿಗೆ ಫೋನ್ ಮಾಡಿದೆ. ಅವರು ತಮ್ಮ ಗಾಡಿಯಲ್ಲಿ ಬಂದು, ನನ್ನ ಸ್ಕೂಟರಿನ ಹಿಂದಕ್ಕೆ ಒಂದು ಕಾಲು ಕೊಟ್ಟು, ಮನೆಯ ಕಡೆ ತಳ್ಳತೊಡಗಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಓಡಿಸುತ್ತಿರುವವಳ ಹಾಗೆಯೇ ಹ್ಯಾಂಡಲ್ ಹಿಡಿದಿದ್ದೆ. ಮೂಲೆಯ ಹೂವಿನವಳು ಬಾಯಿ ಬಿಟ್ಟು ನೋಡಿದಳು.

"ಅಕ್ಕೋ, ಕರೆಂಟ್ ಗಾಡಿ ಮಾಡಿಸ್ಬುಟ್ರಾ? ನಿಮ್ ಗಾಡಿ ಸದ್ದೇ ಇಲ್ವಲ್ಲಾ!"

"ಹೂಂ ಕಣೇ," ಎಂದೆ. ಹಿಂದಿನಿಂದ ಅವರ ಎಂಜಿನ್ನಿಗಿಂತ ಜೋರಾಗಿ, ಕಾಲು ಚಾಚಿ ಚಾಚಿ ಸುಸ್ತಾದ ನಮ್ಮವರ ಏದುಸಿರು ಕೇಳುತ್ತಿತ್ತು.

ಗೇಟಿನ ಮುಂದೆ ಇಳಿದು ಬಗ್ಗಿದೆ. ಕಾಕ್ ಅಡ್ಡ ಇತ್ತು! ಆರತಿಗೆಂದು ಬಂದ್ ಮಾಡಿದವಳು ಮತ್ತೆ ತೆರೆದೇ ಇರಲಿಲ್ಲ. ಕಾರ್ಬುರೇಟರಿನಲ್ಲಿ ಉಳಿದಿದ್ದ ಒಂದು ಗುಟುಕು ಪೆಟ್ರೋಲಿನಲ್ಲಿ ಅದು ಅಷ್ಟು ದೂರ ಹೋಗಿತ್ತು. ಸುತ್ತ ನೋಡಿದೆ. ಯಾರಿಗೂ ಗೊತ್ತಿಲ್ಲ. ಗಂಭೀರವಾಗಿ ಸ್ಪ್ಯಾನರ್ ತರಿಸಿಕೊಂಡು, ಅಲ್ಲಿ ಇಲ್ಲಿ ಟಣ್ ಟಣ್ ಎಂದು ಬಡಿದು, ಕಾಕನ್ನು ಮೆಲ್ಲಗೆ ನೆಟ್ಟಗೆ ಮಾಡಿ ಕಿಕ್ ಹೊಡೆದೆ. ಡುರ್ರ್ರ್! ಮತ್ತೆ ಚಪ್ಪಾಳೆ!

"ಏನಾಗಿತ್ತೇ?" ನಮ್ಮವರು ಬೆವರೊರೆಸಿಕೊಳ್ಳುತ್ತ ಕೇಳಿದರು.

"ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಬಿಡಿ."

"ನೀನೇ ಗೆದ್ದೆ ಮಾರಾಯ್ತಿ. ಗುಜರಿ ಮಾತು ಇನ್ನು ಎತ್ತಲ್ಲ," ಎಂದರು. ಆ ಕ್ಷಣ ನನ್ನನ್ನು ಹಿಡಿಯುವವರೇ ಇರಲಿಲ್ಲ. ಸ್ಪ್ಯಾನರ್ ಕೈಯಲ್ಲೇ ಹಿಡಿದು ನೆರೆಹೊರೆಯವರಿಗೆಲ್ಲ ಪೆಟ್ರೋಲ್ ಎಂಜಿನ್ನಿನ ಬಗ್ಗೆ ಒಂದು ಉಪನ್ಯಾಸವನ್ನೂ ಕೊಟ್ಟೆ.

ಮಾರನೆಯ ದಿನ ಕಾಫಿ ಹೊತ್ತಿಗೆ ಶೇಷಗಿರಿಯವರು ಧೂಳು ಹಿಡಿದ ತಮ್ಮ ಸ್ಕೂಟರನ್ನು ತಳ್ಳಿಕೊಂಡು ಗೇಟಿಗೆ ಬಂದರು. ಹಿಂದೆ ಅವರ ಮನೆಯಾಕೆ, ಅವರ ಹಿಂದೆ ನೋಡಲೆಂದೇ ಬಂದ ನಾಲ್ಕು ಜನ.

"ನಿನ್ನೆ ನೋಡಿದ್ನಲ್ಲಮ್ಮಾ, ನಿನ್ನ ಕೈಗುಣ ದೊಡ್ಡದು. ಇದನ್ನೂ ಸ್ವಲ್ಪ ನೋಡು," ಎಂದರು ವಿನಯದಿಂದ.

ನಾನು ಸೆರಗು ಸಿಕ್ಕಿಸಿಕೊಂಡು, ಸ್ಪ್ಯಾನರ್ ಹಿಡಿದು, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಬಗ್ಗಿ ನೋಡಿದೆ. ಅವರ ಕಾಕ್ ನೆಟ್ಟಗೇ ಇತ್ತು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು!