ಟವರ್ ಇಳಿದು ಗದ್ದಲಕ್ಕೆ ಬಿದ್ದ ಭಾವಮೈದ

ನನ್ನ ಭಾವಮೈದನನ್ನು ನಂಬಿ ನೀವು ಎಷ್ಟು ಎತ್ತರದ ಟವರನ್ನಾದರೂ ಹತ್ತಬಹುದು. ಆದರೆ ಅವನೆದುರು ಬಾಯಿ ಮಾತ್ರ ತೆರೆಯಬಾರದು! ಇದು ಅನುಭವಿಸಿದವನ ಮಾತು.

ಅವನು ದೇವನಹಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಮೊದಲು ಹಿಡಿದದ್ದು ಹಳೆಯ ಉಕ್ಕಿನ ಟವರ್‌ಗಳನ್ನು ಬಲಪಡಿಸುವ ಸಂಶೋಧನೆ. ಹೊಲದ ನಡುವೆ ಕರೆಂಟಿನ ತಂತಿ ಹೊತ್ತು ನಿಂತಿರುತ್ತವಲ್ಲ, ಅವೇ. ಎಲ್ಲಿ ಇನ್ನೊಂದು ಕಬ್ಬಿಣದ ಪಟ್ಟಿ ಬಿಗಿದರೆ ಬಿರುಗಾಳಿಗೆ ಬಾಗುವುದಿಲ್ಲ ಎಂಬುದೇ ಅವನ ಚಿಂತೆ. ನಮ್ಮ ಬೂದಿಗೆರೆ ರಸ್ತೆಯಲ್ಲಿ ಟವರ್ ಕಂಡರೆ ಸಾಕು, ಬೈಕು ನಿಲ್ಲಿಸಿ ಅಳತೆ ಟೇಪು ಬಿಚ್ಚುತ್ತಿದ್ದ. ಏರ್‌ಪೋರ್ಟ್ ಬಂದು ಸುತ್ತಲಿನ ಜಮೀನಿನ ಮೇಲೆಲ್ಲ ಸರ್ಕಾರದ ಕಣ್ಣು ಬಿದ್ದಿದ್ದ ಕಾಲ ಅದು. ಹೊಲದಲ್ಲಿ ಟೇಪು ಹಿಡಿದವನನ್ನು ಜನ ಸುಮ್ಮನೆ ಬಿಡುತ್ತಾರೆಯೇ?

"ಸಾರ್, ನಮ್ ಸರ್ವೆ ನಂಬರೂ ಹೋಗುತ್ತಾ?" ಎಂದು ಕೇಳಿದರೊಬ್ಬರು.

"ಒಂದು ಜೋರು ಗಾಳಿ ಬಂದ್ರೆ ಎಲ್ಲಾ ಹೋಗುತ್ತೆ ಯಜಮಾನ್ರೇ!" ಎಂದ ಇವನು, ಟವರಿನಿಂದ ಕಣ್ಣು ಕೀಳದೆ.

ಸಂಜೆಯೊಳಗೆ ನಮ್ಮ ಜಗುಲಿಯ ಮೇಲೆ ಎರಡು ಬುಟ್ಟಿ ದ್ರಾಕ್ಷಿ, ಆರು ಚಕ್ಕೋತ! ಜೊತೆಗೆ, ತಮ್ಮ ಹೊಲ ಬಿಟ್ಟು ಪಕ್ಕದವರದನ್ನು ಅಳೆಯಲಿ ಎಂಬ ಕೋರಿಕೆ ಬೇರೆ.

ಟವರ್ ಸಿಗದ ಒಂದು ಭಾನುವಾರ ನಮ್ಮ ನೀರಿನ ಟ್ಯಾಂಕಿನ ಸ್ಟ್ಯಾಂಡು ಅವನ ಕಣ್ಣಿಗೆ ಬಿತ್ತು. ಅಡ್ಡಕ್ಕೆ, ಓರೆಗೆ, ಮೂಲೆಗೆ ಪಟ್ಟಿ ಬಿಗಿದು, "ಇನ್ನು ಆನೆ ಹತ್ತಿದ್ರೂ ಅಲ್ಲಾಡಲ್ಲ ಭಾವ!" ಎಂದ. ನಿಜ, ಅಲ್ಲಾಡಲಿಲ್ಲ. ಆದರೆ ಟ್ಯಾಂಕು ತೊಳೆಯಲು ಮನುಷ್ಯ ಹತ್ತುವಷ್ಟು ಸಂದಿಯನ್ನೇ ಬಿಟ್ಟಿರಲಿಲ್ಲ!

ಆಮೇಲೆ ಇದ್ದಕ್ಕಿದ್ದಂತೆ ಟವರ್ ಇಳಿದು ಗದ್ದಲಕ್ಕೆ ಬಿದ್ದ. ನಾಲ್ಕಾರು ಜನ ಒಟ್ಟಿಗೆ ಮಾತಾಡಿದ್ದನ್ನು ಹಲವು ಮೈಕುಗಳಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ದನಿಯನ್ನೂ ಬೇರೆ ಮಾಡುವ ಸಂಶೋಧನೆಯಂತೆ.

"ಅಕ್ಕಿಯಿಂದ ಕಲ್ಲು ಆರಿಸ್ದಂಗೆ ಭಾವ," ಎಂದ.

"ಅದಕ್ಕೆ ನಮ್ಮನೇನೇ ಬೇಕೇನಯ್ಯಾ?"

"ಇಂಥಾ ಗದ್ದಲ ಯಾವ ಲ್ಯಾಬಲ್ಲೂ ಸಿಗಲ್ಲ!"

ನನ್ನ ಹೆಂಡತಿ ಇದನ್ನು ಹೊಗಳಿಕೆಯೆಂದು ತಿಳಿದು ತಮ್ಮನಿಗೆ ಇನ್ನೊಂದು ದೋಸೆ ಹಾಕಿದಳು.

ಆಗಲೇ ನನ್ನ ಮಗಳಿಗೆ ಸಮೇತನಹಳ್ಳಿಯಿಂದ ಸಂಬಂಧ ಬಂದಿತ್ತು. ಡಿಗ್ರಿಯ ಕೊನೆಯ ವರ್ಷ ಅವಳದು. ಒಳ್ಳೆಯ ಮನೆತನ, ಕೆಲಸದಲ್ಲಿರುವ ಹುಡುಗ; ನಾನಂತೂ ಮನಸ್ಸಿನಲ್ಲೇ ಚಪ್ಪರ ಹಾಕಿಬಿಟ್ಟಿದ್ದೆ. ನಮ್ಮ ಮನೆತನಗಳಲ್ಲಿ ಮದುವೆ ಮಾತುಕತೆಗೆ ಸರದಿ ಎಂಬುದಿಲ್ಲ. ಎರಡೂ ಕಡೆಯವರು ಒಟ್ಟಿಗೆ ಶುರು ಮಾಡುತ್ತಾರೆ, ಕಾಫಿ ಬಂದಾಗ ಒಟ್ಟಿಗೆ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಮದುವೆ ನಿಶ್ಚಯವಾಗಿರುತ್ತದೆ!

ಗಂಡಿನ ಕಡೆಯವರು ಮಾತುಕತೆಗೆ ಬಂದ ದಿನ ಇವನು ಚೀಲದ ತುಂಬ ಮೈಕು ತಂದ. ಎಲ್ಲರ ಒಪ್ಪಿಗೆ ಕೇಳಿ, ಎಲೆಯಡಿಕೆ ತಟ್ಟೆಯ ಪಕ್ಕ ಒಂದು, ಕಿಟಕಿಯಲ್ಲಿ ಒಂದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಹತ್ತಿರ ಒಂದು, ಹೀಗೆ ಇಟ್ಟ. ಹುಡುಗನ ದೊಡ್ಡಪ್ಪ ಮೈಕು ಕಂಡದ್ದೇ ತಡ, ಗಂಟಲು ಸರಿಮಾಡಿಕೊಂಡು "ಸಭಿಕರೇ" ಎಂದು ಶುರು ಮಾಡಿದರು! ನಾನು ಬಿಡುತ್ತೇನೆಯೇ? ನನ್ನ ದನಿಯನ್ನು ಅವರಿಗಿಂತ ಒಂದು ಮೆಟ್ಟಿಲು ಮೇಲೆ ಏರಿಸಿದೆ. ಕಾಫಿ ಬರುವ ಹೊತ್ತಿಗೆ ಲಗ್ನ ಕಾರ್ತಿಕ ಮಾಸಕ್ಕೆಂದು ಗೊತ್ತಾಗಿತ್ತು.

ಮೂರು ದಿನ ಬಿಟ್ಟು ಭಾವಮೈದ ಮತ್ತೆ ಬಂದ. ಎಂದೂ ಇಲ್ಲದವನು ಕಾಫಿ ಬೇಡವೆಂದ. "ಭಾವ, ಇದನ್ನ ಸ್ವಲ್ಪ ಕೇಳಿ," ಎಂದು ನನ್ನ ಕಿವಿಗೆ ಹೆಡ್‌ಫೋನು ಹಾಕಿದ.

ಮೊದಲು ನನ್ನ ದನಿ. ಏನು ಗತ್ತು! "ನಮ್ ಹುಡುಗಿಗೆ ಮಾತೇ ಕಮ್ಮಿ. ನಾವು ಹೇಳಿದ್ದಕ್ಕೆ ಒಂದಿನಾನೂ ಇಲ್ಲ ಅಂದಿಲ್ಲ." ನನಗೇ ಹೆಮ್ಮೆಯಾಯಿತು.

"ಈಗ ಅದೇ ಹೊತ್ತಲ್ಲಿ ಇನ್ನೊಂದು ದನಿ," ಎಂದು ಅವನು ಗುಂಡಿ ಒತ್ತಿದ.

"ಅಪ್ಪಾ, ಒಂದ್ನಿಮಿಷ… ಅಪ್ಪಾ, ನಂಗೀಗ ಬೇಡ. ನಾನು ಎಮ್ಮೆಸ್ಸಿ ಮಾಡ್ಬೇಕು… ಅಪ್ಪಾ…"

ಐದು ಸಲ ಕರೆದಿದ್ದಳು. ನಾನು ಕೂತಿದ್ದದ್ದು ಅವಳಿಂದ ಮೂರು ಮಾರು ದೂರದಲ್ಲಿ.

"ಬೇರೆಯವ್ರ ದನಿ ಆರಿಸೋಕೆ ಇಷ್ಟು ಕಷ್ಟ ಆಗ್ಲಿಲ್ಲ ಭಾವ," ಎಂದ ಮೆಲ್ಲಗೆ. "ಇವಳ ದನಿ ಮೇಲೆಲ್ಲಾ ನಿಮ್ ದನೀನೇ ಕೂತಿತ್ತು."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಅಂದೇ ಸಮೇತನಹಳ್ಳಿಗೆ ಫೋನು ಮಾಡಿ, ಮದುವೆ ಬೇಡವೆಂದು ತಿಳಿಸಿ ಕ್ಷಮೆ ಕೇಳಿದೆ. ದೊಡ್ಡಪ್ಪನವರ ಬೈಗುಳವನ್ನು ತುಟಿ ಎರಡು ಮಾಡದೆ ಕೇಳಿಸಿಕೊಂಡೆ.

ಆಮೇಲೆ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಹೇಳವ್ವಾ," ಎಂದೆ.

ಅವಳು ನಂಬದವಳಂತೆ ನನ್ನ ಮುಖ ನೋಡಿದಳು. ಒಂದೊಂದೇ ಮಾತಾಗಿ ಶುರು ಮಾಡಿದಳು. ಅಷ್ಟರಲ್ಲಿ ವಿಮಾನವೊಂದು ಮನೆಯ ಮೇಲೇ ಗುಡುಗುತ್ತ ಬಂತು; ಅವಳು ನಿಲ್ಲಿಸಿಬಿಟ್ಟಳು. ಅದು ದೂರ ಹೋಗಿ, ಸದ್ದು ಪೂರ್ತಿ ಅಡಗುವವರೆಗೆ ನಾನು ಸುಮ್ಮನೆ ಕಾದೆ.

"ಆಮೇಲೆ?" ಎಂದೆ.