ತಾತನ ಡಿಕ್ಷನರಿ

ಮಾಯಸಂದ್ರದ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರ ಪಡಸಾಲೆಯಲ್ಲಿ ತಾತನ ಕಾಲದ ಇಂಗ್ಲಿಷ್ ಡಿಕ್ಷನರಿಯೊಂದಿತ್ತು. ಯಾವ ಪದಕ್ಕೆ ಆರುನೂರು ವರ್ಷದ ಹಿಂದೆ ಏನರ್ಥವಿತ್ತು ಎಂಬುದನ್ನೂ ಹೇಳುವ ದಪ್ಪ ಪುಸ್ತಕ. ಅದರಿಂದ ಏನುಪಯೋಗ ಎಂದು ಕೇಳುವ ಧೈರ್ಯ ಇದ್ದದ್ದು ಹೆಂಡತಿ ಸುವರ್ಣಮ್ಮನಿಗೆ ಮಾತ್ರ.

“ಸಂಜೆ ಅಟ್ಟಕ್ಕೆ ತೆಂಗಿನಕಾಯಿ ತುಂಬ್ತಾರೆ. ಹೊರೋರ ಕಾಲಿಗೆ ಸಿಗೋ ಈ ಗೆದ್ದಲು ಗೂಡನ್ನ ಹಳೇ ಪೇಪರ್‌ನೋನಿಗೆ ಹಾಕ್ತೀನಿ ಕಣ್ರೀ.”

ಮೇಷ್ಟ್ರು ಪುಸ್ತಕವನ್ನು ಎದೆಗವಚಿಕೊಂಡರು. “ಇದರ ಬೆಲೆ ನಿನಗೇನು ಗೊತ್ತು ಕಣೇ?”

“ಆಯ್ತು. ಸಂಜೆಯೊಳಗೆ ಊರಲ್ಲಿ ಒಬ್ರು, ಒಬ್ರೇ ಒಬ್ರು, ಇದು ಬೇಕು ಅಂತ ಬರ್ಲಿ. ಇಟ್ಕಳಣ.”

ಮೇಷ್ಟ್ರು ಚಪ್ಪಲಿ ಮೆಟ್ಟಿ ನೇರ ಬಸ್‌ಸ್ಟ್ಯಾಂಡಿಗೆ ಹೊರಟರು. ಅಲ್ಲಿ ಪುನೀತ ಹೊಸದಾಗಿ ‘ನೈಸ್ ಬೇಕರಿ’ ತೆರೆದಿದ್ದ.

“ಪುನೀತಾ, ಹಿಂದಿನ ಕಾಲದಲ್ಲಿ ನೈಸ್ ಅಂದ್ರೆ ದಡ್ಡ ಅಂತ ಕಣಯ್ಯ! ನನ್ ಡಿಕ್ಷನರೀಲಿದೆ, ಬಂದು ನೋಡು” ಎಂದರು, ಮಹದುಪಕಾರ ಮಾಡಿದ ಸಂಭ್ರಮದಲ್ಲಿ.

ಬನ್ನು ತಿನ್ನುತ್ತಿದ್ದವರೆಲ್ಲ ಗೊಳ್ಳೆಂದರು. ಎದುರು ಬೇಕರಿಯ ಮಹಾಂತೇಶನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮಧ್ಯಾಹ್ನದೊಳಗೆ ಸುದ್ದಿ ದಬ್ಬೇಘಟ್ಟದ ಬಸ್ಸು ಹತ್ತಿತು. “ಎರಡು ದಡ್ಡ ಪಫ್ಸ್ ಕೊಡಪ್ಪ” ಎಂದು ಗಿರಾಕಿಗಳು ಕೇಳತೊಡಗಿದರು.

“ನಿಮ್ ದಮ್ಮಯ್ಯ, ಇದಕ್ಕೇನಾದ್ರೂ ದಾರಿ ಹೇಳಿ ಮೇಷ್ಟ್ರೇ” ಎಂದು ಪುನೀತ ಕೈಮುಗಿದ.

“ಬೋರ್ಡ್ ಬದಲಾಯ್ಸು. ಸಿಲ್ಲಿ ಬೇಕರಿ ಅಂತಿಡು. ಆಗಿನ ಕಾಲದಲ್ಲಿ ಸಿಲ್ಲಿ ಅಂದ್ರೆ ಪುಣ್ಯವಂತ!”

ಪುನೀತನ ಕೈಯಲ್ಲಿ ಬ್ರೆಡ್ ಕುಯ್ಯುವ ಚಾಕು ಕಂಡದ್ದೇ ಮೇಷ್ಟ್ರು ಮನೆ ದಾರಿ ಹಿಡಿದರು.

ಸಂಜೆಯಾಯಿತು. ಹೊರುವವರು ಅಂಗಳದ ರಾಶಿಯಿಂದ ಕುಕ್ಕೆಗಳಿಗೆ ಕಾಯಿ ತುಂಬಿದರು. ಮೇಷ್ಟ್ರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಳುಮೋರೆಯಲ್ಲಿ ಕೂತಿದ್ದರು. ಅಷ್ಟರಲ್ಲಿ ಮಹಾಂತೇಶ ನುಗ್ಗಿ ಬಂದ.

“ಆ ಪುಸ್ತಕ ನಂಗ್ ಕೊಡಿ ಮೇಷ್ಟ್ರೇ! ಅಂಗಡಿ ಗಾಜಿನ ಪೆಟ್ಟಿಗೇಲಿ ಎಲ್ರಿಗೂ ಕಾಣಂಗೆ ಇಡ್ತೀನಿ.”

ಹಿಂದೆಯೇ ಪುನೀತ. “ನಂಗ್ ಕೊಡಿ! ಆ ಒಂದ್ ಹಾಳೆ ಕಿತ್ಕಂಡು ವಾಪಸ್ ಕೊಡ್ತೀನಿ.”

ಇಬ್ಬರೂ ಪುಸ್ತಕ ಹಿಡಿದು ಜಗ್ಗಾಡಿದರು. ಬೀದಿಗೆ ಬೀದಿಯೇ ಬಾಗಿಲಲ್ಲಿ ನೆರೆಯಿತು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು.

“ನೋಡಿದ್ಯೇನೇ? ಒಬ್ರಲ್ಲ, ಇಬ್ರು!”

“ಸೋತೆ ಕಣ್ರೀ, ಒಪ್ಕಂಡೆ” ಎಂದ ಸುವರ್ಣಮ್ಮ ಪುಸ್ತಕ ಕಿತ್ತುಕೊಂಡು ಒಳಗೆ ನಡೆದರು. ಮೇಷ್ಟ್ರು ಎದೆಯುಬ್ಬಿಸಿ ಬೀದಿಯವರ ಶಹಬ್ಬಾಸ್‌ಗಿರಿ ಸ್ವೀಕರಿಸಿದರು. ಒಳಗಿನಿಂದ ದಡದಡ ಸದ್ದು ಕೇಳುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಸುವರ್ಣಮ್ಮ ಕೈ ಕೊಡವುತ್ತ ಬಂದರು.

“ಅಷ್ಟು ಬೆಲೆಯಿರೋ ವಸ್ತು ಕೈಗ್ ಸಿಗಂಗಿಟ್ರೆ ಉಳೀತದಾ? ಸೀರೇಲಿ ಸುತ್ತಿ ಅಟ್ಟದ ತಳಕ್ಕಿಟ್ಟು ಮೇಲೆ ಎಂಟು ಸಾವಿರ ಕಾಯಿ ಸುರ್ಸಿದೀನಿ. ಕೊಬ್ಬರಿ ಆಗೋಗಂಟ, ಒಂದ್ ವರ್ಷ, ಯಾರೂ ಮುಟ್ಟಂಗಿಲ್ಲ.”

“ನಾನೂ?”

“ನೀವ್ ಗೆದ್ರಲ್ಲ, ಬುಡಿ.”