ಬಿಡಿಭಾಗ ಸಂಖ್ಯೆ ಹದಿನಾಲ್ಕು

ಹಗರಿಬೊಮ್ಮನಹಳ್ಳಿಯ ಬಾಲಕಿಯರ ವಸತಿನಿಲಯವೊಂದರಲ್ಲಿ ತಟ್ಟೆಗಳು ಈಗ ಸಂಪೂರ್ಣವಾಗಿ, ನಿಯಮಾನುಸಾರ ಒಣಗುತ್ತಿವೆ. ಈ ಬಗ್ಗೆ ಊರಲ್ಲಿ ಹಬ್ಬಿರುವ ಮಾತುಗಳಿಗೆ ಆಧಾರವಿಲ್ಲದ ಕಾರಣ, ನಡೆದದ್ದನ್ನು ನಡೆದಂತೆ ಇಲ್ಲಿ ದಾಖಲಿಸಲಾಗಿದೆ.

ಕಳೆದ ಜೂನ್‌ನಲ್ಲಿ ಪಾತ್ರೆ-ಪರಿಕರ ನಿಗಮವು ವಸತಿನಿಲಯಕ್ಕೆ ಪಾತ್ರೆ ತೊಳೆಯುವ ಯಂತ್ರವೊಂದನ್ನು ದಯಪಾಲಿಸಿತು. ತೊಳೆಯುವುದರಲ್ಲಿ ಅದು ನಿಸ್ಸೀಮ. ಆದರೆ ಹೊರಬಂದ ತಟ್ಟೆಗಳು ಕೆರೆಯಿಂದ ಎದ್ದ ಎಮ್ಮೆಗಳಂತೆ ನೀರು ಸುರಿಸುತ್ತಿದ್ದವು. ಜೋಳದ ರೊಟ್ಟಿ ಹಾಕಿದ ಕೂಡಲೇ ಅಂಬಲಿಯ ಕಡೆಗೆ ಹೊರಡುತ್ತಿತ್ತು. ಎಂಬತ್ತು ಹುಡುಗಿಯರು ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು, ಅದರ ಮೇಲೆ ಪಲ್ಯ ಹಾಕಿಸಿಕೊಂಡು, ನಿಂತೇ ಉಣ್ಣತೊಡಗಿದರು. ಸಾರನ್ನು ಕೈಬಿಟ್ಟರು.

ವಾರ್ಡನ್ ಶಿವಲೀಲಾ ಮೇಡಂ ನಿಗಮಕ್ಕೆ ಪತ್ರ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು: "ತಟ್ಟೆ ಒದ್ದೆಯಾಗಿದೆಯೋ ಅಥವಾ ತಟ್ಟೆಯ ಮೇಲೆ ನೀರಿದೆಯೋ ಎಂಬುದನ್ನು ಸ್ಪಷ್ಟಪಡಿಸುವುದು. ಮೊದಲನೆಯದು ತಟ್ಟೆಯ ದೋಷ, ಎರಡನೆಯದು ನೀರಿನ ದೋಷ. ಎರಡರಲ್ಲೂ ಯಂತ್ರದ ಪಾತ್ರವಿರುವುದಿಲ್ಲ."

ಮೇಡಂ ಬಸ್‌ಸ್ಟ್ಯಾಂಡ್ ಹತ್ತಿರ ಮಿಕ್ಸಿ ರಿಪೇರಿ ಮಾಡುವ ಶೇಖಾವಲಿಯನ್ನು ಕರೆಸಿದರು. ಅವನು ಒಳಗೆ ತಲೆ ಹಾಕಿ ಎರಡು ನಿಮಿಷ ನೋಡಿದ.

"ಮಿಷನ್ನಿಗೆ ಏನೂ ಆಗಿಲ್ರಿ ಮೇಡಂ. ನೀರು ಜಾರ್ಸೋ ದ್ರಾವಣದ ಡಬ್ಬಿ ಖಾಲಿ ಐತಿ, ತುಂಬ್ರಿ. ತೊಳದಾದ ಮ್ಯಾಲ ಬಾಗ್ಲ ನಾಕು ಬೆರಳು ತೆರದಿಡ್ರಿ, ಹಬಿ ಹೊರಗ ಹೋಗ್ಲಿ. ಮುಗೀತು."

ಆದರೆ ಡಬ್ಬಿಯ ಮುಚ್ಚಳಕ್ಕೆ ನಿಗಮದ ಅರಗಿನ ಮುದ್ರೆ ಇತ್ತು. ಒಡೆಯಲು ಅನುಮತಿ ಬೇಕು. ಅನುಮತಿ ಕೇಳುವ ಅರ್ಜಿ ಡಬ್ಬಿಯೊಳಗಿದೆ ಎಂದು ಮುಚ್ಚಳದ ಮೇಲೆ ಬರೆದಿತ್ತು. ಬಾಗಿಲ ಬಗ್ಗೆ ಒಂಬತ್ತನೇ ನಿಯಮ ಸ್ಪಷ್ಟವಾಗಿತ್ತು: ಬಾಗಿಲು ತೆರೆದಿರುವ ಯಂತ್ರವನ್ನು ಕೆಟ್ಟ ಯಂತ್ರವೆಂದು ಪರಿಗಣಿಸಲಾಗುವುದು.

"ಹಂಗಾರ ಒರಸ್ರಿ," ಎಂದು ಹೇಳಿ ಶೇಖಾವಲಿ ಹೋದ.

ಈ ಮಾತು ಚೌಡಕ್ಕನ ಕಿವಿಗೆ ಬಿತ್ತು. ಹತ್ತೊಂಬತ್ತು ವರ್ಷ ಇಲ್ಲಿ ದಿನಗೂಲಿಯ ಮೇಲೆ ಪಾತ್ರೆ ತೊಳೆದವಳು ಅವಳು. ಯಂತ್ರ ಬಂದ ಮೇಲೆ ಅವಳಿಗೆ 'ಯಂತ್ರ ವೀಕ್ಷಣೆ' ಕೆಲಸ ಕೊಡಲಾಗಿತ್ತು, ಅಂದರೆ ಸ್ಟೂಲಿನ ಮೇಲೆ ಕೂತು ಯಂತ್ರವನ್ನು ನೋಡುವುದು. ನೋಡಿ ನೋಡಿ ಬೇಸತ್ತಿದ್ದ ಚೌಡಕ್ಕ ಎದ್ದಳು, ಒಗೆದ ಟವೆಲ್ ತಂದಳು, ಒರೆಸಿದಳು. ಅಂದು ಹುಡುಗಿಯರು ಕೂತು ಉಂಡರು. ಸಾರು ಎರಡೆರಡು ಸಲ ಹಾಕಿಸಿಕೊಂಡರು.

ಮರುತಿಂಗಳು ನಿಗಮದ ಎಂಜಿನಿಯರ್ ಕಾಂತೇಶ್ ತಪಾಸಣೆಗೆ ಬಂದರು. ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ಹನಿ ಎಣಿಸಿದರು. ಸೊನ್ನೆ. "ಯಂತ್ರವು ಶೇಕಡಾ ನೂರರಷ್ಟು ಒಣಗಿಸುತ್ತಿದ್ದು, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಗೆ ಮಾದರಿಯಾಗಿದೆ" ಎಂದು ವರದಿ ಬರೆದು, ಅಲ್ಲೇ ಮೊಬೈಲಿನಿಂದ ಮೇಲಿನ ಕಚೇರಿಗೆ ಕಳಿಸಿದರು. ತಲೆ ಎತ್ತಿದರೆ ಎದುರಿಗೆ ಚೌಡಕ್ಕ, ಹೆಗಲ ಮೇಲೆ ಟವೆಲ್.

"ಏನಮ್ಮಾ ಮಾಡ್ತಿದ್ದೀರಿ?"

"ತಟ್ಟಿ ಒರಸಾಕತ್ತೀನ್ರಿ ಸಾಹೇಬ್ರ."

ಕಾಂತೇಶ್ ಬಿಳಿಚಿಕೊಂಡರು. ಯಂತ್ರದ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪಕ್ಕೆ ನಿಗಮದಲ್ಲಿ ಒಂದೇ ಶಿಕ್ಷೆ: ಕೆಲಸದಿಂದ ತೆಗೆಯುವುದು. ನೋಟೀಸ್ ಬರೆಯಲು ಹಾಳೆ ಕೇಳಿದರು. ಚೌಡಕ್ಕ ಸ್ಟೂಲಿನ ಮೇಲೆ ಕೂತು ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಇಷ್ಟು ವರ್ಸ ಒರಸೀನ್ರಿ ಮೇಡಂ. ಯಾರೂ ತಪ್ಪಂದಿದ್ದಿಲ್ಲ," ಎಂದಳು. ಮೇಡಂ ಹಾಳೆ ಹುಡುಕುತ್ತಲೇ ಇದ್ದರು.

ಆಗ ಪಿಯುಸಿ ಓದುವ ಮೇಘಾ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ಚೌಡಕ್ಕನ್ನ ತೆಗದ್ರ ತಟ್ಟಿ ಒಣಗಂಗಿಲ್ರಿ. ಒಣಗ್ಲಿಲ್ಲಂದ್ರ ನಿಮ್ಮ ವರದಿ ಸುಳ್ಳಾಕ್ಕೈತಲ್ರೀ?"

ಕಾಂತೇಶ್ ಪೆನ್ನು ಕೆಳಗಿಟ್ಟರು. ಮೇಲೆ ಹೋದ ವರದಿ ಕೆಳಗೆ ಬಂದ ಉದಾಹರಣೆ ನಿಗಮದಲ್ಲಿ ಇರಲಿಲ್ಲ. ಅವರು ಯಂತ್ರದ ಕೈಪಿಡಿ ತರಿಸಿ ಒಂದು ತಾಸು ಓದಿದರು. ಅದರಲ್ಲಿತ್ತು: "ಯಾವುದಿಲ್ಲದೆ ಯಂತ್ರವು ತನ್ನ ಕೆಲಸ ಪೂರೈಸಲಾರದೋ ಅದು ಬಿಡಿಭಾಗ." ಪಟ್ಟಿಯಲ್ಲಿ ಹದಿಮೂರು ಬಿಡಿಭಾಗಗಳಿದ್ದವು. ಕೆಳಗೆ ಜಾಗವಿತ್ತು. ಚೌಡಕ್ಕನ ಹುಟ್ಟೂರು ಕೇಳಿಕೊಂಡು ಬರೆದರು: "ಹದಿನಾಲ್ಕು. ಚೌಡಕ್ಕ. ತಯಾರಾದ ಸ್ಥಳ: ಬಾಗಳಿ. ವಾರಂಟಿ: ಎರಡು ವರ್ಷ."

"ವಾರಂಟಿ ಅಂದ್ರೇನ್ರಿ?"

"ಎರಡು ವರ್ಷ ನಿಮ್ಮನ್ನ ಯಾರೂ ತೆಗೆಯೋ ಹಂಗಿಲ್ಲಮ್ಮ. ಏನಾದ್ರೂ ಆದ್ರೆ ನಿಗಮದ ಖರ್ಚಿನಲ್ಲೇ ಸರಿ ಮಾಡಿಸಬೇಕು."

ಮನುಷ್ಯಳಾಗಿ ಹತ್ತೊಂಬತ್ತು ವರ್ಷ ದುಡಿದರೂ ಇಂಥ ಭರವಸೆ ಚೌಡಕ್ಕನಿಗೆ ಯಾರೂ ಕೊಟ್ಟಿರಲಿಲ್ಲ. ಅವಳು ತಕ್ಷಣ ಒಪ್ಪಿದಳು. ಮೇಡಂ ಎಲ್ಲರಿಗೂ ಚಹಾ ತರಿಸಿದರು.

ಶ್ರಾವಣದಲ್ಲಿ ಅವಳು ತಂಗಿಯನ್ನು ನೋಡಲು ಬಾಗಳಿಗೆ ಹೊರಟಳು. ಅಡುಗೆಮನೆಗೆ "ಯಂತ್ರ ದುರಸ್ತಿಯಲ್ಲಿದೆ, ನಾಲ್ಕು ದಿನ" ಎಂಬ ಬೋರ್ಡು ಬಿತ್ತು. ಬಿಡಿಭಾಗ ಹೊರಗೆ ಹೋಗಲು ಸಾಗಣೆ ಚಲನ್ ಕಡ್ಡಾಯವಾದ್ದರಿಂದ ಮೇಡಂ ಅದನ್ನೂ ಬರೆದುಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಫಿರೋಜ್ ಆಧಾರ್ ಕೇಳಿದಾಗ ಚೌಡಕ್ಕ ಅಭಿಮಾನದಿಂದ ಚಲನ್ ತೋರಿಸಿದಳು. ಅವನು ಎರಡು ಸಲ ಓದಿದ.

"ಹೆಂಗಸ್ರಿಗೆ ಫ್ರೀ ಐತ್ರಿ ಅಕ್ಕಾ. ಬಿಡಿಭಾಗಕ್ಕ ಲಗೇಜ್ ಹಾಕ್ಬೇಕಾಕ್ಕೈತಿ."

"ಹಾಕಪ್ಪಾ. ಆದ್ರ ಈ ಲಗೇಜು ಕಿಟಕಿ ಸೀಟಿನ್ಯಾಗ ಕುಂದರತೈತಿ ನೋಡು."

"ಕುಂದರ್ಲಿ ಬಿಡ್ರಿ," ಎಂದು ಅವನು ಟಿಕೆಟ್ ಕೊಟ್ಟ. ಪಕ್ಕದಲ್ಲಿ ಕೂತು ಚಲನ್ ಇಣುಕಿ ಓದಿದ್ದ ಓಬಳೇಶಪ್ಪ ಎಂಬ ಹಿರಿಯರು, ವಾರಂಟಿ ಇರುವ ಸಾಮಾನಿಗೆ ಕೈ ತಗಲಬಾರದೆಂದು, ಒಂದು ಗೇಣು ಸರಿದು ಕುಳಿತರು.